ಕುರುಂದ

ಹೊಳೆನರಸೀಪುರದ ಆಸ್ಪತ್ರೆಯಲ್ಲಿ ನನ್ನ ಕೆಲಸಗಳಲ್ಲೊಂದು
ಆಪರೇಷನ್ನಿಗೆ ಮುಂಚೆ ಮೈಮೇಲಿನ ಒಡವೆ ಬಿಚ್ಚಿಸುವುದು.
ತಾಳಿಗೆ ಅಳುತ್ತಾರೆ, ಮೂಗುಬೊಟ್ಟಿಗೆ ನಗುತ್ತಾರೆ,
ಕಾಲುಂಗುರ ಸೋಪಿನ ನೀರಿಗೆ ಬರುತ್ತದೆ.
ಹಳೇಕೋಟೆ ಕಡೆಯ ಸಾವಂತ್ರಮ್ಮ ಮಾತ್ರ
ಬಲಗೈ ಮುಷ್ಟಿ ಬಿಚ್ಚಲಿಲ್ಲ.

ಉಂಗುರದ ಬೆರಳಲ್ಲಿ ಕೆಂಪು.
ರಕ್ತ ಕಮ್ಮಿಯೆಂದು ಹಾಸನದ ಕಟ್ಟಿನಕೆರೆ ಪೇಟೆಯಲ್ಲಿ
ಎರಡು ಕಂತಿಗೆ ಕೊಂಡದ್ದು,
ಭಾನುವಾರ ಹೊತ್ತು ಮೂಡುವಾಗ ಹಾಲಿನಲ್ಲದ್ದಿ ತೊಟ್ಟದ್ದು.
"ಸೂರ್ಯನ ಕಲ್ಲು ಕಣವ್ವ,
ಮೈಗೆ ತಾಗ್ತಾ ತಾಗ್ತಾ ರಕ್ತ ಊರುತ್ತೆ."
ರಿಪೋರ್ಟಿನಲ್ಲಿ ಹಿಮೋಗ್ಲೋಬಿನ್ನು ಆರೂವರೆ.
ಹೋದ ತಿಂಗಳು ಏಳಿತ್ತು.

ಬಗ್ಗಿ ನೋಡಿದೆ.
ಆಚಾರಿ ಮಗಳ ಕಣ್ಣು, ನರ್ಸಿನ ಬಟ್ಟೆ ಹಾಕಿದರೂ ಹೋಗದು:
ಕಲ್ಲಿನೊಳಗೆ ಗುಂಡನೆಯ ಒಂದು ಗುಳ್ಳೆ,
ಗಾಜು ಬೇಯುವಾಗ ಬಿಟ್ಟ ಉಸಿರು
ಅಲ್ಲೇ ನಿಂತುಬಿಟ್ಟಿತ್ತು.
ಹೇಳಲಿಲ್ಲ.

ನಮ್ಮಪ್ಪ ವೀರಾಚಾರಿ ಕೆಂಪಿನ ಕಥೆ ಹೇಳುತ್ತಿದ್ದ,
ಊದುಗೊಳವೆ ಬಾಯಿಂದ ತೆಗೆದಾಗಲೆಲ್ಲ, ತುಂಡು ತುಂಡಾಗಿ:
ಅಸಲಿ ಕೆಂಪು ಬಿದ್ದರೆ ಹಾಲೇ ನಾಚಿ ಕೆಂಪಾಗುತ್ತದಂತೆ,
ತಾವರೆ ಮೊಗ್ಗಿನ ಮೇಲಿಟ್ಟರೆ ನಡುರಾತ್ರಿ ಅರಳುತ್ತದಂತೆ,
ದೊರೆಗೆ ವಿಷವಿಟ್ಟ ದಿನ ಬೆರಳಲ್ಲೇ ಕಪ್ಪಿಡುತ್ತದಂತೆ,
ಪನ್ನೀರಿನಲ್ಲಿ ಅರೆದು ಅರೆದು ನೆಕ್ಕಿಸಿದರೆ
ಎದೆ ಹಾರುವುದು ನಿಲ್ಲುತ್ತದಂತೆ, ಕ್ಷಯ ಇಳಿಯುತ್ತದಂತೆ.
ಪ್ರತಿ "ಅಂತೆ"ಗೂ ಅವನ ಹುಬ್ಬು ಮೇಲೇರುತ್ತಿತ್ತು.
ತನಗೆ ಜ್ವರ ಬಂದರೆ ಮಾತ್ರ
ಸೈಕಲ್ ಹತ್ತಿ ಇದೇ ಆಸ್ಪತ್ರೆಗೆ.

ಕಥೆಯ ಇನ್ನೊಂದು ತುದಿ ನಮ್ಮ ಜಗುಲಿಯಲ್ಲೇ ತಿರುಗುತ್ತಿತ್ತು:
ಅರಗಿನಲ್ಲಿ ಕುರುಂದದ ಪುಡಿ ಕಲಸಿ ಎರೆದ ಸಾಣೆಚಕ್ರ.
ಕುರುಂದ, ನಮ್ಮ ಸೀಮೆಯ ಹೊಲಗಳಲ್ಲಿ
ಮಳೆ ಬಿದ್ದ ಮಾರನೆಗೆ ಮೇಲೆದ್ದು ಕೂರುವ ಕಲ್ಲು,
ಬೂದಿ ಬಣ್ಣ, ಆರು ಮೂಲೆ, ಗಾತ್ರಕ್ಕೆ ಮೀರಿದ ತೂಕ.
ದನ ಕಾಯುವ ಹುಡುಗರು ಚಡ್ಡಿ ಜೇಬಲ್ಲಿ ತುಂಬಿ ತಂದು
ಸೇರಿನ ಲೆಕ್ಕದಲ್ಲಿ ಸುರಿದು
ಕಡಲೆಪುರಿಯ ಕಾಸು ಪಡೆದು ಓಡುತ್ತಿದ್ದರು.
"ಇದೂ ಅದೂ ಒಡಹುಟ್ಟು ಕಣೆ," ಅಪ್ಪ,
"ಒಂದೇ ಮಣ್ಣು, ಒಂದೇ ಗಟ್ಟಿ.
ಅದಕ್ಕೆ ಚಿಟಿಕೆ ಬಣ್ಣ ಬಿತ್ತು, ಕಿರೀಟ ಸೇರಿತು.
ಇದಕ್ಕೆ ಬೀಳಲಿಲ್ಲ, ದುಡಿಯುತ್ತಿದೆ.
ಹಳಬರು ಮಾಣಿಕಕ್ಕೂ ಕುರುವಿಂದ ಅಂತಲೇ ಅಂದರು,
ಹೆಸರಿಡುವಾಗ ಜಿಪುಣತನ ಮಾಡಲಿಲ್ಲ."

ಈಗ ನನ್ನ ಮೇಜಿನ ಮೇಲೆ, ಚೀಟಿಗಳು ಹಾರದಂತೆ,
ಒಂದು ಕುರುಂದ ಕೂತಿದೆ.
ಸಾವಂತ್ರಮ್ಮನ ಕಣ್ಣು ಅದಕ್ಕೆ ಬಿತ್ತು.
"ನಿಂದ್ಯಾವ ಕಲ್ಲವ್ವ? ಏನ್ ವಾಸಿ ಮಾಡುತ್ತೆ?"
"ಮೊಂಡು," ಅಂದೆ.
"ಕುಡುಗೋಲು, ಈಳಿಗೆಮಣೆ, ಕ್ಷೌರದ ಕತ್ತಿ,
ಎಂಥಾ ಮೊಂಡಾದರೂ ನಾಕು ಸುತ್ತಿಗೆ ಇಳಿಯುತ್ತೆ."
"ಹಂಗಾರೆ ನಮ್ಮ ಯಜಮಾನರ ತಲೆಗೆ ಹಿಡಿ," ಅಂದು
ಹೊಟ್ಟೆನೋವು ಮರೆತು ನಕ್ಕಳು.
ನಗುವಾಗ ಮುಷ್ಟಿ ಬಿಗಿಹಿಡಿಯಲು ಆಗುವುದಿಲ್ಲ.

ಆದರೂ ಒಂದು ಷರತ್ತು:
ಕಲ್ಲು ತಣ್ಣಗಾಗಬಾರದು, ಯಾರದಾದರೂ ಮೈಗೆ ತಾಗುತ್ತಲೇ ಇರಬೇಕು.
ನನ್ನ ಕೊರಳ ಸರಕ್ಕೆ ಪೋಣಿಸಿಕೊಂಡೆ.
ಹಾಸನದಿಂದ ಎರಡು ಚೀಲ ರಕ್ತ ಬಂತು,
ಮೇಲೆ ನಂಬರಿತ್ತು, ಕೊಟ್ಟವರ ಹೆಸರಿರಲಿಲ್ಲ.
ಕೊಳವೆಯಲ್ಲಿ ಅದು ಇಳಿಯುವುದನ್ನು ಕಾಯುತ್ತ
ರಾತ್ರಿಯಿಡೀ ಕೂತೆ, ಎದೆಯ ಮೇಲೆ
ಕಡಲೆಕಾಳಿನಷ್ಟು ಗಾಜು ಬೆಚ್ಚಗೆ.
ಬೆಳಗ್ಗೆ ಆಪರೇಷನ್ನು.

ಮಾರನೆಯ ದಿನ ಉಂಗುರ ಬೆರಳಿಗೆ ಸಡಿಲವಾಗಿತ್ತು,
ದಾರ ಸುತ್ತಿ ತೊಡಿಸಿದೆ.
ಕಿಟಕಿಯ ಕಡೆಗೆ ಕೈ ಎತ್ತಿ ನೋಡಿದಳು.
"ನೋಡವ್ವ, ಬಣ್ಣ ಏರೈತೆ."
"ಹೂಂ, ಏರಿದೆ," ಅಂದೆ.
ಟೋಪಿಯನ್ನು ಹುಬ್ಬಿನವರೆಗೂ ಎಳೆದುಕೊಂಡಿದ್ದೆ.