ಎರಡು ಬಗೆ

ಔಲು ಊರಿನ ಗ್ರಂಥಾಲಯದ ನೆಲಮಾಳಿಗೆ. ಫೆಬ್ರವರಿ, ಶನಿವಾರ.
ಹೀಟರಿನ ಮೇಲೆ ಹದಿನಾಲ್ಕು ಜೊತೆ ಒದ್ದೆ ಕೈಗವಸು,
ಉಣ್ಣೆಯ ಕಮಟು, ಉಪ್ಪು ಮಿಠಾಯಿಯ ಕಮಟು.
ವಾರವೆಲ್ಲ ಎಂಟನೇ ನಂಬರಿನ ಬಸ್ಸು ಓಡಿಸುವ ನಾನು
ಇವತ್ತು ಕಪ್ಪಂಗಿಯ ತೀರ್ಪುಗಾರ್ತಿ.

ಮೂರನೇ ಮೇಜಿನಲ್ಲಿ ಒಂದು ಕೈ ಮೇಲೆದ್ದಿತು.
ಎತ್ತಿದವನು ರೂಪೆ. ಎದುರು ಕೂತವಳು ಹಿಲ್ಲಾ,
ನನ್ನ ಮಗಳು.
ಇನ್ನೊಬ್ಬ ತೀರ್ಪುಗಾರ ಇಸ್ಮೋಗೆ ಜ್ವರ.

ಮೇಜಿನ ಮೇಲೆ ಅವಳ ಹೆಮ್ಮೆಯ ಕಾರ್ಡು: ನಡೆವ ಕೋಟೆ.
ಹೆಸರಿನ ಕೆಳಗೆ ಸಣ್ಣಕ್ಷರದಲ್ಲಿ ಅದರ ಬಗೆ: ಜೀವಿ, ಕೋಟೆ.
ಜೀವಿಯಾಗಿ ಅದಕ್ಕೆ ನಾಲ್ಕು ಉಸಿರು,
ಕೋಟೆಯಾಗಿ ಐದು ಕಲ್ಲು. ಕಲ್ಲಿನ ಬದಲು ಅವಳು ಇಟ್ಟದ್ದು
ಒಣ ಬಟಾಣಿ, ನಮ್ಮ ಗುರುವಾರದ ಸೂಪಿನ ಡಬ್ಬಿಯದು.
ರೂಪೆಯ ತೋಳ ಎರಗಿದೆ. ಏಟು ನಾಲ್ಕು.

"ಎರಡು ಬಗೆ ಇದೆಯಲ್ಲ, ಏಟೂ ಎರಡು ಪಾಲು.
ಜೀವಿಗೆ ಎರಡು, ಕೋಟೆಗೆ ಎರಡು. ನನ್ನದು ಉಳಿಯಿತು."
ಎರಡು ಬಟಾಣಿ ಆಗಲೇ ಪಕ್ಕಕ್ಕೆ ಸರಿಸಿದ್ದಾಳೆ.
ರೂಪೆ ಮಾತಾಡುವುದಿಲ್ಲ. ಗಲ್ಲದ ಮೊಡವೆ ಕೆರೆಯುತ್ತಾನೆ.

ನಿಯಮ ನನಗೆ ಬಾಯಿಪಾಠ.
ಏಟಿಗೆ ಪಾಲಿಲ್ಲ.
ಒಂದೇ ಏಟು ಜೀವಿಗೂ ಪೂರ್ತಿ, ಕೋಟೆಗೂ ಪೂರ್ತಿ;
ನಾಲ್ಕು ಕಲ್ಲು ಉದುರುತ್ತವೆ, ನಾಲ್ಕು ಉಸಿರೂ ಹೋಗುತ್ತವೆ.
ಐದನೇ ಕಲ್ಲು ನಿಂತೇ ಇದ್ದರೂ
ಒಂದು ಬಗೆ ಸತ್ತರೆ ಕಾರ್ಡೇ ಸತ್ತಂತೆ.
ಇನ್ನೊಂದಿದೆ, ಇವತ್ತು ಯಾರೂ ಕೇಳದಿದ್ದದ್ದು:
ನುಗ್ಗಬಹುದು ಎಂದು ಒಂದು ಬಗೆ,
ಕದಲಬಾರದು ಎಂದು ಮತ್ತೊಂದು ಅಂದರೆ
'ಬಾರದು' ಗೆಲ್ಲುತ್ತದೆ,
ಕಾರ್ಡೇ ಬಾಯಿಬಿಟ್ಟು ಬೇರೆ ಹೇಳದ ಹೊರತು.

ತಾಯಿ ನುಗ್ಗಬಹುದು.
ತೀರ್ಪುಗಾರ್ತಿ ಕದಲಬಾರದು.

ಬೇಕಿರಲಿಲ್ಲ, ಆದರೂ ಪುಸ್ತಕ ತೆರೆದೆ,
ಪುಟ ಹುಡುಕುವಷ್ಟು ಹೊತ್ತಾದರೂ ಸಿಗಲಿ ಎಂದು.
ಮಾಡಿನಂಚಿನ ಕಿಟಕಿಯಾಚೆ ಹಿಮ ಬಳಿಯುವ ಗಾಡಿ ಹೋಯಿತು;
ಅದರ ಹಳದಿ ದೀಪ ತೋಳದ ಮೇಲೆ ಒಂದು ಸುತ್ತು,
ಕೋಟೆಯ ಮೇಲೆ ಒಂದು ಸುತ್ತು.

ಹೇಳಿದೆ. ಮುಂದಿನ ನಿಲ್ದಾಣ ಯಾವುದೆಂದು
ಬಸ್ಸಿನಲ್ಲಿ ಹೇಳುವ ದನಿಯಲ್ಲೇ ಹೇಳಿದೆ.
ಹಿಲ್ಲಾ ತಲೆ ಎತ್ತಲಿಲ್ಲ. ಅಮ್ಮ ಎನ್ನಲಿಲ್ಲ.
ಎಲ್ಲ ಮಕ್ಕಳ ಹಾಗೆ "ಸರಿ, ಜಡ್ಜ್" ಎಂದು
ಕಾರ್ಡನ್ನು ಸತ್ತವರ ಗುಡ್ಡೆಗೆ ಹಾಕಿದಳು.
ರೂಪೆಗೂ ಗೆದ್ದ ಮುಖವಿರಲಿಲ್ಲ.

ಬಗೆಹರಿಯಿತು ಎಂದು ಚೀಟಿಯಲ್ಲಿ ಬರೆದೆ,
ಎರಡು ನಲವತ್ತು ಎಂದು ಸಮಯ ಹಾಕಿದೆ.
ಉಂಡ ಮನೆಗೆ ಎರಡು ಬಗೆಯಬಾರದಂತೆ.
ಬಗೆದದ್ದು ಯಾರು, ಈ ಕಪ್ಪಂಗಿಯೋ?
ಅದನ್ನು ಕಳಚಿ ಚೀಲಕ್ಕೆ ತುರುಕಿದಾಗ
ಒಳಗೂ ಅಷ್ಟೇ ನೋಯುತ್ತಿತ್ತು.

ಸಂಜೆ ಸೇತುವೆಯ ಮೇಲೆ ಅವಳು ಹತ್ತು ಹೆಜ್ಜೆ ಮುಂದೆ.
ಕೆಳಗೆ ನದಿ, ಅಂಚಿಗೆ ಮಾತ್ರ ಹೆಪ್ಪುಗಟ್ಟಿ.
ನಡುವಿನಲ್ಲಿ ನಿಂತಳು. ನಾನು ಹತ್ತಿರ ಬರುವ ತನಕ ನಿಂತಳು.
"ಆ ಐದನೇ ಕಲ್ಲು ಎಲ್ಲಿಗೆ ಹೋಗುತ್ತದೆ?"

"ಎಲ್ಲಿಗೂ ಇಲ್ಲ. ಕಾರ್ಡು ಹೋದರೆ ಅದೂ ಇಲ್ಲ.
ನಿಯಮದಲ್ಲಿ ಹಾಗೇ ಇದೆ."

ಹಲ್ಲಿನಿಂದ ಕೈಗವಸು ಎಳೆದು ತೆಗೆದಳು.
ಅಂಗೈಯಲ್ಲಿತ್ತು, ಬೆವರಿಗೆ ತುಸು ಉಬ್ಬಿ.