ತೂಬಿನ ವಿಡಿಯೊ

ಸೆರಗಿನ ಗಂಟು ಬಿಚ್ಚಿ, ಪರದೆಯೊಡೆದ ಫೋನು
ಗಾಜಿನ ಮೇಲಿಟ್ಟಳು ಕೆಂಪಾಜಮ್ಮ:
‘ನಮ್ ಸರದೀಲಿ ತೂಬು ತಿರುಗ್ಸಿ
ಜವರಪ್ಪ ನೀರು ಕದ್ದಿರೋದು ಇದ್ರೊಳಗದೆ. ಈಚೆಗ್ ತಗಿ.’

ರಾತ್ರಿಯಿಡೀ ಬೇಲಿಗೆ ಸಿಕ್ಕಿಸಿಟ್ಟಿದ್ದಳಂತೆ;
ಚಾರ್ಜು ಸತ್ತು, ಫೈಲು ಬಾಯಿ ಬಿಡದು.
ಕಾಲುವೆ ತುಂಬ ನೀರಿದೆ,
ಯಾವ ಗದ್ದೆಗೆಷ್ಟೆಂದು ಬರೆದ ಚೀಟಿಯೊಂದೇ ಇಲ್ಲ.

ಆನ್‌ಲೈನಿಗೆ ಏರಿಸಿದೆ. ಅರವತ್ತೆರಡಕ್ಕೆ ನಿಂತಿತು.
ಮತ್ತೆ ಏರಿಸಿದರೆ ಮಸುಕು ಚೂರೊಂದ ತೋರಿಸಿ
ಮಿಕ್ಕಿದ್ದಕ್ಕೆ ಡಾಲರು ಕೇಳಿತು.
ಗುತ್ತಲು ರಸ್ತೆಯಲ್ಲಿ ಡಾಲರು ಎಲ್ಲಿಂದ ತರಲಿ?
ನನ್ನ ಹಳೇ ಕಂಪ್ಯೂಟರಿನ ಸಾಫ್ಟ್‌ವೇರು ಕೇಳುವುದೇ ಬೇರೆ:
ಇದೇ ಫೋನಲ್ಲಿ ತೆಗೆದ, ಕೆಡದ ಇನ್ನೊಂದು ವಿಡಿಯೊ.

ಇದ್ದದ್ದು ಒಂದೇ. ಮಗಳ ಆರತಕ್ಷತೆಯಲ್ಲಿ
ಜವರಪ್ಪನೂ ಇವಳ ಗಂಡನೂ
ಹೆಗಲಿಗೆ ಹೆಗಲು ಹಾಕಿ ತಮಟೆಗೆ ಕುಣಿದದ್ದು.
‘ಕಳ್ ನನ್ಮಗ’ ಎಂದು ಜವರಪ್ಪನ ಮೂಗಿಗೆ ಬೆರಳಿಟ್ಟವಳು
ಹಾಗೇ ನಕ್ಕೂಬಿಟ್ಟಳು.

ಆ ಕುಣಿತದ ಅಳತೆ ಹಿಡಿದು
ಈ ಕತ್ತಲನ್ನು ಹೊಲಿಯಿತು ಯಂತ್ರ.
ನಲವತ್ತು ನಿಮಿಷ, ಎರಡು ಟೀ.

ಬಂತು. ಮುಖವಿಲ್ಲ, ಬರೀ ಹಸಿರು ಚೌಕಗಳು.
ತೂಬಿನ ಕಿರ್ರು, ನೀರು ನುಗ್ಗುವ ಸದ್ದು,
ಆಮೇಲೆ ಬೀಡಿಯ ಕೆಮ್ಮು:
ಎರಡು ಗಿಡ್ಡ, ಒಂದು ಉದ್ದ.

ಲೋಟ ಕೆಳಗಿಟ್ಟಳು.
ಮೂವತ್ತು ವರ್ಷ ಒಂದೇ ಚಾಪೆಯಲ್ಲಿ ಕೇಳಿದ ಕೆಮ್ಮು.

‘ಮೊದ್ಲು ಹೆಂಗಿತ್ತೋ ಹಂಗೇ ಕೆಡಿಸ್ಬುಡು, ಮಗಾ’
ಎಂದು ನೂರರ ನೋಟು ತಳ್ಳಿದಳು.
ಕುಣಿತದ್ದು ಮಾತ್ರ
ಹೊಸ ಕಾರ್ಡಿಗೆ ಹಾಕಿಸಿಕೊಂಡು ಹೋದಳು.