ರೋಗಿಗೆ ನೀವೇನಾಗಬೇಕ್ರಿ

ಯರವಡಾದಾಗ ನನ್ನ ಹೆಸರ ನೀಲಾ ಮಾವಶಿ.
ಇಂಡಿ ಕಡೆ ಹೋಗಿ ನೀಲಗಂಗವ್ವ ಅಂದ್ರ
ಒಬ್ಬಿಬ್ಬರು ಹೊರಳಿ ನೋಡ್ಯಾರು, ಅಷ್ಟ.
ಹನ್ನೊಂದ ವರ್ಷ ಆತು, ರಾತ್ರಿಪಾಳಿ,
ಮೂರನೇ ಮಾಳಿಗಿ, ಗಂಡಸರ ವಾರ್ಡು.

ಹದಿನಾಲ್ಕನೇ ಕಾಟಿನ ಮ್ಯಾಲ ಫಾದರ್ ಎವರಿಸ್ತ.
ಗೋವಾದವರು. ನಗರ ರೋಡಿನ ಪಾದ್ರಿ ಸಾಲ್ಯಾಗ
ನಲವತ್ತ ವರ್ಷ ಗ್ರೀಕ್ ಕಲಿಸಿದವರು.
ಈಗ ಸೊಂಟದ ಕೆಳಗ ಏನೂ ಸುದ್ದಿ ಇಲ್ಲ.
ಹೊರಳಿಸಿ ಬೆನ್ನಿಗೆ ಪೌಡರ್ ಹಚ್ಚುವಾಗ
ಮರಾಠ್ಯಾಗ ಕೇಳಿದರು:
ಮಾವಶಿ, ಈ ಕೆಲಸಕ್ಕ ನಿಮ್ಮ ಮಾತಿನ್ಯಾಗ ಏನಂತಾರ?
ಕಾಳಜಿ, ಅಂದೆ.
ಅದು ಇಲ್ಲಿದೂ ಹೌದು, ಗಡಿ ದಾಟುವಾಗ
ಯಾರೂ ಟಿಕೀಟ ಕೇಳಿಲ್ಲ ಅದಕ್ಕ. ಮತ್ತ?
ಜ್ವಾಕಿ. ಆರೈಕಿ. ಓದಿದ ಮಂದಿ ಶುಶ್ರೂಷೆ ಅಂತಾರ.
ಶುಶ್ರೂಷಾ ಅಂದ್ರ ಮೊದಲ ಕೇಳೋ ಆಸೆ, ಅಂದರು,
ಕಿವಿಯಿಂದ ಸುರು ಆಗಿ ಕೈಗೆ ಇಳಿದದ್ದು.
ಗ್ರೀಕರದು ಬ್ಯಾರೆ.

ಜ್ವರದ ಚಾರ್ಟಿನ ಬೆನ್ನಿಗೆ ಬರೆದರು, ಐದ ಅಕ್ಷರ:
ಮುರಿದ ಕಡ್ಡಿ, ಒಂದ ಕಾಲ ಉದ್ದಾದ ಸ್ಟೂಲು,
ಗಂಟು ಬಿದ್ದ ಸಲಾಯಿನ್ ನಳಿಗಿ,
ಒಂದ ಗುಳಿಗಿ, ಒಂದ ಹುಳ.
ಕೇದೊಸ್.
ಖೇದಾನ? ಅಂದೆ. ಕೇಡಾ?
ರಕ್ತಸಂಬಂಧ ಇಲ್ಲ ಮಾವಶಿ,
ಬರೇ ಕಿವಿ ಕಟ್ಟಿದ ಬೀಗತನ.

ಒಮ್ಮೆಲೆ ಹೇಳಲಿಲ್ಲ. ನೋವು ಬಿಟ್ಟ ರಾತ್ರಿ ಒಂದೊಂದ ಅರ್ಥ.
ಇನ್ನೊಬ್ಬರ ಸಲವಾಗಿ ಹೊಟ್ಟ್ಯಾಗ ಕೂಡೋ ಭಾರ, ಅದು ಕೇದೊಸ್.
ಹಳೇ ಯುದ್ಧದ ಪದಗಳಾಗ ಬರೇ ದುಃಖ.
ಮತ್ತ ಸತ್ತವರಿಗೆ ಮಾಡೋದು, ಮೈ ತೊಳಿಯೋದು,
ಎಣ್ಣಿ ಹಚ್ಚೋದು, ಅಳೋದು, ಅದೂ.
ಅದರ ಮುಂದ ಒಂದ 'ಅ' ಹಚ್ಚಿದ್ರ
ಯಾರೂ ಕೇಳದ ಹೆಣ.
ಅದ 'ಅ' ಮರುಭೂಮಿ ಸನ್ಯಾಸಿಗಳ ಕಡೆ ಹೋಗಿ
ಮಟಮಟ ಮಧ್ಯಾಹ್ನದ ದೆವ್ವ ಆತಂತ,
ಯಾವುದರ ಪರಿವಿನೂ ಉಳಿಸದಂಥಾದ್ದು.
ಆ ದೆವ್ವ ನಂಗೊತ್ತು.
ನನ್ನ ಕಡೆ ಅದು ರಾತ್ರಿ ಮೂರಕ್ಕ ಬರ್ತೈತಿ.
ಗಂಟಿ ಕೇಳಿದ್ರೂ ಕೇಳದಂಗ ಕುಂಡರಸ್ತೈತಿ.

ಇನ್ನೊಂದ ಅರ್ಥ ಹೇಳುವಾಗ ಹುರುಪಿನ್ಯಾಗಿದ್ದರು.
ಬೀಗತನ! ಖರೇನ ಬೀಗತನ, ಅವತ್ತ ಚ್ಯಾಷ್ಟಿ ಮಾಡಿದ್ನಲ್ಲ.
ಮದಿವಿಯಿಂದ ಹುಟ್ಟೋ ಸಂಬಂಧಕ್ಕೂ ಕೇದೊಸ್ ಅಂತಾರ.
ನಗಿ ತಡೀಲಿಕ್ಕ ಆಗಲಿಲ್ಲ, ಬೇಸಿನ್ ತುಳುಕಿತು.

ಹೋದ ಚೈತ್ರದಾಗ ಅಕ್ಕಲಕೋಟದಿಂದ ಬಂದಿದ್ರು
ನನ್ನ ಪೂರ್ಣೀನ ನೋಡಲಿಕ್ಕ.
ಅವಲಕ್ಕಿ ತಿಂದರು. ಹುಡುಗಿ ಹಿಡಿಸ್ಯಾಳ ಅಂದರು.
ಸಕ್ಕರಿ ಹಂಚೋದೊಂದ ಬಾಕಿ.
ತಾಯಿ ದವಾಖಾನ್ಯಾಗ ಏನ ಮಾಡ್ತಾಳ, ಕೇಳಿದಳು ಹುಡುಗನ ಅತ್ಯಾ.
ಬಾಜೂಮನಿಯಾಕಿ ಬಾಗಲದಾಗ ನಿಂತ
ಹೆಣ ತೊಳಿತಾಳ, ಅಂದಳು. ಸುಳ್ಳೇನಲ್ಲ.
ಎದ್ದ ಹೋದರು.
ಐದ ಕಪ್ಪು ಚಾ, ಕೆನಿ ಕಟ್ಟಿತ್ತು ಸಂಜೀತನಾ.

ಎರಡನ್ನೂ ಒಂದ ಮಾತಿನ್ಯಾಗ ಹೆಂಗ ಇಟ್ಟರು, ಯಾಕ್ರಿ ಫಾದರ್?
ಬಹಳ ಹೊತ್ತ ಸುಮ್ಮನಿದ್ದರು.
ಗೊತ್ತಿಲ್ಲ. ಕೋಶ ಬರೆದವರು ಒಂದು, ಎರಡು, ಮೂರು ಅಂತ
ನಂಬರ್ ಹಾಕಿ ಬ್ಯಾರೆ ಕುಂಡರ್ಸ್ಯಾರ.
ಮಾತಿಗೆ ಆ ನಂಬರ್ ಗೊತ್ತಿರಲಿಲ್ಲ.
ನೀರ ಕೊಡು.

ಪುಷ್ಯದ ಒಂದ ನಸುಕಿನ್ಯಾಗ ಹೋದರು.
ಅವರ ಕಡಿಯವರು ಬರಲಿಕ್ಕ ಏಳಾಗ್ತೈತಿ ಅಂತ ಫೋನು.
ನಾ ಬಿಸಿನೀರ ತಂದೆ. ಇನ್ನ ಬಿಸಿ ಯಾಕ, ಸಿಸ್ಟರ್ ಬೈದಳು.
ಮೊದಲ ಕಿವಿ ಹಿಂದ ತೊಳಿದೆ.

ಚಷ್ಮಾ, ಜಪಮಣಿ, ಹಲ್ಲಿನ ಸೆಟ್ಟು,
ಇಷ್ಟಕ್ಕ ಒಬ್ಬರ ಸಹಿ ಬೇಕು.
ಕೌಂಟರಿನ್ಯಾಗ ಲಾತೂರಿನ ಹೊಸಾ ಹುಡುಗ,
ಪೆನ್ನಿನ ಟೊಪ್ಪಿಗಿ ಕಡಕೊಂತ,
ರೋಗಿಗೆ ನೀವೇನಾಗಬೇಕ್ರಿ?
ಮಾವಶಿ, ಅಂದೆ, ರೂಢಿಯೊಳಗ.
ಅಂವ ಹಂಗ ಬರಕೊಂಡ.
ಎಪ್ಪತ್ತೆಂಟರ ಫಾದರಗ ಐವತ್ತೊಂದರ ಚಿಗವ್ವ.
ಕಾಗದ ಹೊರಳಿಸಿ ನೋಡಲೂ ಇಲ್ಲ, ಶಿಕ್ಕಾ ಒತ್ತಿದ.
ನಾನೂ ತಿದ್ದಲಿಲ್ಲ.
ಆರೂ ನಲವತ್ತರ ಬಸ್ಸು ಹೋಗಿತ್ತು.